ಜಗತ್ತು ಸತ್ಯವೆಂದು ಸಾರಿದ ಶ್ರೀ ಮಧ್ವಾಚಾರ್ಯರು

ವಿಜಯದಶಮಿಯು ಶ್ರೀ ಮಧ್ವಾಚಾರ್ಯರ ಜಯಂತಿಯೂ ಹೌದು. ಕಣ್ಣಿಗೆ ಕಾಣುವ ಈ ಜಗತ್ತು ನಿಜವಾಗಿ ಇದೆಯೇ, ಅಥವಾ ಇಂದ್ರಿಯಗಳಿಗೆ ಹಾಗೆ ತೋರುತ್ತಿದೆಯೇ ಎಂಬ ಪ್ರಾಚೀನ ಪ್ರಶ್ನೆಗೆ, ಜಗತ್ತು ಸತ್ಯವೆಂದು ನಿಸ್ಸಂದಿಗ್ಧವಾಗಿ ಉತ್ತರಿಸಿದ ಮಹಾಪುರುಷರ ಸ್ಮರಣೆ ಈ ಪುಣ್ಯಕಾಲದಲ್ಲಿ ಉಚಿತವಾಗಿದೆ.

ಸಂಪ್ರದಾಯದ ಗಣನೆಯಂತೆ 1238ರಲ್ಲಿ, ಉಡುಪಿಗೆ ಸಮೀಪದ ಪಾಜಕ ಕ್ಷೇತ್ರದಲ್ಲಿ, ಮಧ್ಯಗೇಹ ಭಟ್ಟ ಹಾಗೂ ವೇದವತಿ ದಂಪತಿಗಳ ಪುತ್ರರಾಗಿ ಆಚಾರ್ಯರು ಅವತರಿಸಿದರು. ಬಾಲ್ಯದ ಹೆಸರು ವಾಸುದೇವ. ಒಮ್ಮೆ ಸಾಲ ಕೊಟ್ಟವನೊಬ್ಬನು ಹಣಕ್ಕಾಗಿ ಮನೆಯಲ್ಲಿ ಪಟ್ಟು ಹಿಡಿದು ಕುಳಿತಾಗ, ಬಾಲಕನು ಅವನ ಕೈಗೆ ಹುಣಿಸೆಬೀಜಗಳನ್ನಿತ್ತನೆಂದೂ, ಅವನು ಅದನ್ನೇ ಋಣಸಂದಾಯವೆಂದು ಒಪ್ಪಿದನೆಂದೂ ನಾರಾಯಣ ಪಂಡಿತಾಚಾರ್ಯರ ‘ಸುಮಧ್ವವಿಜಯ’ವು ವರ್ಣಿಸುತ್ತದೆ. ಬ್ಯಾಂಕಿನಲ್ಲಿ ಸಾಲದ ಲೆಕ್ಕ ನೋಡುವ ನನ್ನಂಥವನಿಗೆ ಈ ಕಥೆ ವಿಶೇಷ ಪ್ರಿಯ. ತಂದೆಯ ಸಾಲವನ್ನು ಇಲ್ಲವೆನ್ನದೆ ತೀರಿಸಲು ಮುಂದಾದ ಆ ಬಾಲಕನೇ ಮುಂದೆ ಜಗತ್ತನ್ನು ಇಲ್ಲವೆನ್ನಲು ಒಪ್ಪಲಿಲ್ಲ.

ಎಳೆಯ ವಯಸ್ಸಿನಲ್ಲಿಯೇ ಅಚ್ಯುತಪ್ರೇಕ್ಷರಿಂದ ಸಂನ್ಯಾಸ ಸ್ವೀಕರಿಸಿ ಪೂರ್ಣಪ್ರಜ್ಞರೆನಿಸಿದರು. ಗುರುಗಳು ಅದ್ವೈತ ಗ್ರಂಥವಾದ ‘ಇಷ್ಟಸಿದ್ಧಿ’ಯ ಪಾಠವನ್ನಾರಂಭಿಸಿದಾಗ, ಮೊದಲ ಪದ್ಯದಲ್ಲಿಯೇ 32 ದೋಷಗಳನ್ನು ತೋರಿಸಿದರೆಂಬ ಪ್ರತೀತಿಯಿದೆ. ತರುವಾಯ ಬದರಿಗೆ ಯಾತ್ರೆಗೈದರು, ‘ಸರ್ವಮೂಲ’ವೆಂದು ಖ್ಯಾತವಾದ 37 ಗ್ರಂಥಗಳನ್ನು ರಚಿಸಿದರು, ಉಡುಪಿಯಲ್ಲಿ ಶ್ರೀಕೃಷ್ಣನನ್ನು ಪ್ರತಿಷ್ಠಾಪಿಸಿ, ಪೂಜೆಗಾಗಿ ಎಂಟು ಮಂದಿ ಶಿಷ್ಯರನ್ನು ನಿಯಮಿಸಿದರು.

ಜಗತ್ತು ವ್ಯವಹಾರಕ್ಕೆ ಮಾತ್ರ ಸತ್ಯ, ಪರಮಾರ್ಥದಲ್ಲಿ ಮಿಥ್ಯೆ ಎಂಬ ಅದ್ವೈತಿಗಳು ಕಪ್ಪೆಚಿಪ್ಪಿನ ದೃಷ್ಟಾಂತ ಕೊಡುತ್ತಿದ್ದರು. ಚಿಪ್ಪು ಬೆಳ್ಳಿಯಾಗಿ ತೋರುವಂತೆ ಬ್ರಹ್ಮವೇ ಜಗತ್ತಾಗಿ ತೋರುತ್ತದೆ ಎಂಬುದು ಅವರ ವಾದ. ಆಚಾರ್ಯರು ಆ ದೃಷ್ಟಾಂತದಿಂದಲೇ ಉತ್ತರ ಕೊಟ್ಟರು. ಎದುರಿಗಿರುವ ಚಿಪ್ಪೂ ಸತ್ಯ, ಬೇರೆಡೆಯಲ್ಲಿರುವ ಬೆಳ್ಳಿಯೂ ಸತ್ಯ. ಇವೆರಡೂ ಇಲ್ಲದೆ ಭ್ರಮೆಯೇ ಹುಟ್ಟದು. ಹಾಗೆಯೇ ಈ ಜಗತ್ತು ಭ್ರಮೆಯಾದರೆ, ಇದನ್ನು ಹೋಲುವ ನಿಜವಾದ ಇನ್ನೊಂದು ಜಗತ್ತು ಇರಲೇಬೇಕಾಗುತ್ತದೆ. ಅಸಲಿ ನೋಟಿಲ್ಲದೆ ಖೋಟಾ ನೋಟು ಹುಟ್ಟುವುದುಂಟೆ?

ಇಂದ್ರಿಯಗಳು ದೋಷವಶದಿಂದ ಮೋಸಹೋಗಬಹುದು. ಆದರೆ ಸುಖದುಃಖಗಳನ್ನು ನೇರವಾಗಿ ಅರಿಯುವ, ಜ್ಞಾನದ ಪ್ರಾಮಾಣ್ಯವನ್ನು ನಿರ್ಣಯಿಸುವ ‘ಸಾಕ್ಷಿ’ಯು ಜೀವನ ಸ್ವರೂಪದಲ್ಲಿಯೇ ಇದೆ, ಅದು ತಪ್ಪದು ಎಂದು ಆಚಾರ್ಯರು ಬೋಧಿಸಿದರು. ಜಗತ್ತು ಸತ್ಯ, ಆದರೆ ಸ್ವತಂತ್ರವಲ್ಲ, ಸ್ವತಂತ್ರನು ಶ್ರೀಹರಿಯೊಬ್ಬನೇ. ಇದೇ ಅವರ ಸಿದ್ಧಾಂತದ ತಿರುಳು.

ತಮ್ಮ 79ನೆಯ ವಯಸ್ಸಿನಲ್ಲಿ, ಮಾಘ ಶುದ್ಧ ನವಮಿಯಂದು ಅವರು ಅದೃಶ್ಯರಾದರೆಂದು ಭಕ್ತರ ನಂಬಿಕೆ. ಆ ದಿನವೇ ಮಧ್ವನವಮಿ.

ಜಗತ್ತು ಸತ್ಯವಾದರೆ ನೆರೆಯವನ ಹಸಿವೂ ಸತ್ಯ, ನಾವು ತೀರಿಸಬೇಕಾದ ಋಣವೂ ಸತ್ಯ. ಊರು ಬಿಟ್ಟು ಮಹಾನಗರ ಸೇರಿದ ನಮ್ಮ ಮೇಲೆ ಹೆತ್ತವರ, ತಾಯ್ನಾಡಿನ, ಅನ್ನವಿತ್ತ ಈ ನಗರದ ಋಣಗಳಿವೆ. ಹುಣಿಸೆಬೀಜದಷ್ಟಾದರೂ ಅವನ್ನು ಸಲ್ಲಿಸುವ ಬುದ್ಧಿಯನ್ನು ಉಡುಪಿಯ ಶ್ರೀಕೃಷ್ಣನು ನಮಗೆಲ್ಲ ಅನುಗ್ರಹಿಸಲಿ.