ಸದನದ ಸಮಯ ಹಂಚಿದ ದಾದಾಸಾಹೇಬ್

1954ರ ಡಿಸೆಂಬರ್ 18ರಂದು ಲೋಕಸಭೆಯ ಪೀಠದಲ್ಲಿ ಗಣೇಶ ವಾಸುದೇವ ಮಾವಳಂಕರ್ ಇರಲಿಲ್ಲ. ಅವರನ್ನೇ ಸ್ಪೀಕರ್ ಸ್ಥಾನದಿಂದ ತೆಗೆಯಬೇಕೆಂಬ ಗೊತ್ತುವಳಿ ಅಂದು ಚರ್ಚೆಗೆ ಬಂದಿತ್ತು. ಉಪಸಭಾಧ್ಯಕ್ಷ ಅನಂತಶಯನಂ ಅಯ್ಯಂಗಾರ್ ಸಭೆ ನಡೆಸುತ್ತಿದ್ದರು. ಮಾವಳಂಕರ್ ನಿಲುವಳಿ ಸೂಚನೆಗಳನ್ನು ಒಂದರ ಮೇಲೊಂದರಂತೆ ತಳ್ಳಿಹಾಕುತ್ತಾರೆ, ಪ್ರತಿಪಕ್ಷಗಳಿಗೆ ಮಾತನಾಡಲು ಎಡೆಯೇ ಇಲ್ಲ ಎಂಬುದು ದೂರು. ಪ್ರಧಾನಿ ನೆಹರೂ ಎದ್ದು ನಿಂತು, ಚರ್ಚೆಯ ಅವಧಿಯಲ್ಲಿ ಹೆಚ್ಚಿನ ಪಾಲನ್ನು ಎದುರಿನ ಸಾಲುಗಳಿಗೇ ಕೊಡುವಂತೆ ಪೀಠವನ್ನು ಕೋರಿದರು. ಗೊತ್ತುವಳಿ ಬಿದ್ದುಹೋಯಿತು, ಬಹುಮತದ ಲೆಕ್ಕದಲ್ಲಿ ಅದು ನಿರೀಕ್ಷಿತವೇ.

ಅರ್ಥಶಾಸ್ತ್ರ ಓದಿದವನಿಗೆ ಆ ದಿನದ ಜಗಳ ಪರಿಚಿತವೆನಿಸುತ್ತದೆ. ಸದನದಲ್ಲಿ ಎಲ್ಲಕ್ಕಿಂತ ವಿರಳವಾದ ಸರಕು ಸಮಯ. ಸರ್ಕಾರಕ್ಕೆ ಮತಗಳಿವೆ, ಖಜಾನೆಯಿದೆ, ಕಡತಗಳಿವೆ. ಪ್ರತಿಪಕ್ಷದ ಕೈಯಲ್ಲಿರುವುದು ಗಡಿಯಾರದ ಕೆಲವು ನಿಮಿಷಗಳು ಮಾತ್ರ.

ಆ ನಿಮಿಷಗಳ ಬೆಲೆ ಮಾವಳಂಕರರಿಗೆ ಗೊತ್ತಿಲ್ಲದಿರಲಿಲ್ಲ. 1888ರಲ್ಲಿ ಬರೋಡದಲ್ಲಿ ಹುಟ್ಟಿ, ಅಹಮದಾಬಾದಿನಲ್ಲಿ ವಕೀಲರಾಗಿ, ಗಾಂಧೀಜಿ ಮತ್ತು ಸರ್ದಾರ್ ಪಟೇಲರ ಒಡನಾಟದಲ್ಲಿ ರಾಜಕಾರಣಕ್ಕೆ ಬಂದವರು ಅವರು. ಆ ನಗರದ ಪುರಸಭೆಯ ಅಧ್ಯಕ್ಷರೂ ಆಗಿದ್ದರು. 1937ರಲ್ಲಿ ಮುಂಬಯಿ ವಿಧಾನಸಭೆಯ ಸ್ಪೀಕರ್ ಆದರು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳ ನಮ್ಮ ಪ್ರತಿನಿಧಿಗಳೂ ಅಂದು ಕುಳಿತಿದ್ದುದು ಅದೇ ಸದನದಲ್ಲಿ. 1946ರ ಜನವರಿಯಲ್ಲಿ ಕೇಂದ್ರ ಶಾಸನಸಭೆಯ ಅಧ್ಯಕ್ಷ ಪದವಿಗೆ ನಡೆದ ಚುನಾವಣೆಯಲ್ಲಿ ಸರ್ಕಾರದ ಬೆಂಬಲವಿದ್ದ ಕಾವಸ್‌ಜೀ ಜಹಾಂಗೀರರ ವಿರುದ್ಧ 66-63 ಮತಗಳಿಂದ ಗೆದ್ದರು. ಆ ಸಭೆಯಲ್ಲಿ ಸರ್ಕಾರೇತರ ಕಲಾಪಕ್ಕೆ ಯಾವ ದಿನ ಎಂಬುದನ್ನು ನಿಗದಿಪಡಿಸುತ್ತಿದ್ದವರು ಗವರ್ನರ್ ಜನರಲ್. ಚುನಾಯಿತ ಸದಸ್ಯನ ಪಾಲಿಗೆ ಸಮಯವೆಂಬುದು ಮೇಲಿನಿಂದ ಬರುವ ದಾನವಾಗಿತ್ತು.

1952ರ ಮೇ 15ರಂದು ಮೊದಲ ಲೋಕಸಭೆಯ ಸ್ಪೀಕರ್ ಆದ ಮಾವಳಂಕರ್ ಎರಡು ತಿಂಗಳೊಳಗೆ, ಜುಲೈನಲ್ಲಿ, ಕಲಾಪ ಸಲಹಾ ಸಮಿತಿಯನ್ನು ರಚಿಸಿದರು. ಸ್ಪೀಕರ್ ಅವರೇ ಅದರ ಅಧ್ಯಕ್ಷರು. ಯಾವ ಮಸೂದೆಯನ್ನು ತರಬೇಕೆಂಬ ಪಟ್ಟಿ ಸರ್ಕಾರದ್ದು. ಆದರೆ ಯಾವುದಕ್ಕೆ ಎಷ್ಟು ಗಂಟೆ ಎಂಬುದನ್ನು ಪಕ್ಷಗಳ ಪ್ರಮುಖರು ಒಂದೇ ಮೇಜಿನ ಸುತ್ತ ಕುಳಿತು ಮಾತನಾಡಬೇಕು. ಅಲ್ಲಿ ಮತಕ್ಕೆ ಹಾಕುವ ರೂಢಿ ಬೆಳೆಯಲಿಲ್ಲ, ಒಮ್ಮತಕ್ಕೇ ಬರಬೇಕು. ಈ ಮಸೂದೆಯನ್ನು ಬೇಗ ಮುಗಿಸಲು ನಾವು ಅಡ್ಡಿಬರುವುದಿಲ್ಲ, ಬದಲಿಗೆ ನಾವು ಕೇಳಿದ ವಿಷಯಕ್ಕೆ ಎರಡು ಗಂಟೆ ಬಿಟ್ಟುಕೊಡಿ ಎಂಬಂಥ ಕೊಡುಕೊಳ್ಳುವಿಕೆಗೆ ಅದು ತಾಣವಾಯಿತು. ಸಮಿತಿಯ ವರದಿಯನ್ನು ಸದನ ಒಪ್ಪಿದ ಮೇಲೆ ಅದು ಸದನದ್ದೇ ಆದೇಶ. ಗೊತ್ತಾದ ಗಂಟೆಗೆ ಚರ್ಚೆ ನಿಲ್ಲುತ್ತದೆ, ಉಳಿದದ್ದೆಲ್ಲ ಮತಕ್ಕೆ ಹೋಗುತ್ತದೆ. ಸೇವೆಯಲ್ಲಿದ್ದಾಗ ಅಧಿಕಾರಿಗಳ ಗ್ಯಾಲರಿಯಲ್ಲಿ ಕಡತ ಹಿಡಿದು ಕಾದ ನನ್ನಂಥವರಿಗೆ, ನಾವು ತಿಂಗಳುಗಟ್ಟಲೆ ತಿದ್ದಿದ ಮಸೂದೆಯ ಹಣೆಬರಹ ಅಂಥದೊಂದು ಕೊಠಡಿಯಲ್ಲಿ ಚಹಾ ಮುಗಿಯುವುದರೊಳಗೆ ತೀರ್ಮಾನವಾಗುತ್ತಿದ್ದುದು ತಡವಾಗಿ ತಿಳಿಯಿತು.

ಮರುವರ್ಷ ಖಾಸಗಿ ಸದಸ್ಯರ ಮಸೂದೆಗಳಿಗೆ ಪ್ರತ್ಯೇಕ ಸಮಿತಿ ಬಂತು. 1954ರಲ್ಲಿ ಗಮನ ಸೆಳೆಯುವ ಸೂಚನೆ ಎಂಬ ಹೊಸ ಸಾಧನ ಸದಸ್ಯರಿಗೆ ಸಿಕ್ಕಿತು. ಬ್ರಿಟನ್ನಿನ ಪಾರ್ಲಿಮೆಂಟಿನಿಂದ ಎರವಲು ತಂದದ್ದಲ್ಲ ಇದು, ನಮ್ಮದೇ ಸೃಷ್ಟಿ.

ಹಾಗಿದ್ದರೆ ದೂರು ಸುಳ್ಳೇ? ಪೂರ್ತಿ ಸುಳ್ಳಲ್ಲ. ಪರಕೀಯ ಸರ್ಕಾರವನ್ನು ಖಂಡಿಸಲು ಬಳಸುತ್ತಿದ್ದ ನಿಲುವಳಿ ಸೂಚನೆ, ಜನರಿಗೆ ಉತ್ತರದಾಯಿಯಾದ ಸರ್ಕಾರವಿರುವಾಗ ಅಪರೂಪದ ಅಸ್ತ್ರವಾಗಿರಬೇಕೆಂದು ಅವರು ನಂಬಿದ್ದರು. ಸದನದ ಹತ್ತನೇ ಒಂದರಷ್ಟು ಬಲವಿಲ್ಲದ ಪಕ್ಷಕ್ಕೆ ಪಕ್ಷವೆಂಬ ಮನ್ನಣೆ ಇಲ್ಲವೆಂದು ನಿರ್ದೇಶಿಸಿದವರೂ ಅವರೇ. ಕಾಂಗ್ರೆಸ್ 364 ಸ್ಥಾನ ಗೆದ್ದಿದ್ದ ಆ ಸಭೆಯಲ್ಲಿ ಹದಿನಾರು ಕಮ್ಯುನಿಸ್ಟರೇ ದೊಡ್ಡ ವಿರೋಧಿ ಗುಂಪು. ಅವರಿಗೆ ಇದು ಕಹಿಯಾಗದೆ ಇರುತ್ತದೆಯೇ? ನನ್ನ ದೃಷ್ಟಿಯಲ್ಲಿ ಮಾವಳಂಕರ್ ಇಲ್ಲಿ ತುಸು ಬಿಗಿಯಾದರು.

ಆದರೆ ಸರ್ಕಾರದ ಜತೆಗೂ ಅವರು ಅಷ್ಟೇ ಬಿಗಿಯಾಗಿದ್ದರು. ಅಧಿವೇಶನ ಮುಗಿಯುತ್ತಿದ್ದಂತೆ ಸುಗ್ರೀವಾಜ್ಞೆ ಹೊರಡಿಸುವುದು ಅವರ ಕಣ್ಣಿಗೆ ಸದನದ ಸಮಯವನ್ನು ಹಿಂಬಾಗಿಲಿನಿಂದ ಕಸಿದಂತೆ. 1950ರಲ್ಲಿ ಸರ್ಕಾರಕ್ಕೆ ಪತ್ರ ಬರೆದು ಆಕ್ಷೇಪಿಸಿದರು. ಸಂಸತ್ತಿನ ವಿಧಾನ ನಿಧಾನ, ಮುಖ್ಯ ಶಾಸನಗಳು ನಿಂತುಬಿಡುತ್ತವೆ ಎಂಬುದು ನೆಹರೂ ಅವರ ಸಮಜಾಯಿಷಿ. ಮಾವಳಂಕರ್ ಒಪ್ಪಲಿಲ್ಲ. 1954ರಲ್ಲಿ, ತಮ್ಮ ಪದಚ್ಯುತಿಯ ಗೊತ್ತುವಳಿ ಬರುವುದಕ್ಕೆ ಕೆಲವೇ ತಿಂಗಳು ಮೊದಲು, ತೀರಾ ತುರ್ತಿಲ್ಲದೆ ಸುಗ್ರೀವಾಜ್ಞೆ ಹೊರಡಿಸುವುದು ಪ್ರಜಾಸತ್ತೆಗೆ ಒಪ್ಪುವಂಥದ್ದಲ್ಲವೆಂದು ಪ್ರಧಾನಿಗೇ ಮತ್ತೆ ಬರೆದರು. ಪತ್ರ ಬರೆದವರು, ಪಡೆದವರು ಇಬ್ಬರೂ ಒಂದೇ ಪಕ್ಷದಿಂದ ಬಂದವರು.

1956ರ ಫೆಬ್ರುವರಿ 27ರಂದು, ಅಧಿಕಾರದಲ್ಲಿರುವಾಗಲೇ, ಮಾವಳಂಕರ್ ತೀರಿಕೊಂಡರು. ಮಾರ್ಚ್‌ನಲ್ಲಿ ಅಯ್ಯಂಗಾರ್ ಸ್ಪೀಕರ್ ಆದರು. ಕಲಾಪ ಸಲಹಾ ಸಮಿತಿಯ ಅಧ್ಯಕ್ಷತೆಯೂ ಅವರ ಪಾಲಿಗೆ ಬಂತು.