ಬಾಲನಟ ಮಲ್ಲಿಕಾರ್ಜುನ

ಪಂಡಿತ ಮಲ್ಲಿಕಾರ್ಜುನ ಮನಸೂರರ ಚರಿತ್ರೆಯನ್ನು ಹೇಳಹೊರಟವರಲ್ಲಿ ಬಹುಮಂದಿ ಅವರ ನಾಟಕದ ದಿನಗಳನ್ನು ಒಂದೆರಡು ವಾಕ್ಯಗಳಲ್ಲಿ ದಾಟಿಬಿಡುತ್ತಾರೆ. ಮಹಾಗಾಯಕನ ಕಥೆಯಲ್ಲಿ ಮುಖಕ್ಕೆ ಬಣ್ಣ ಹಚ್ಚಿಕೊಂಡ ಹುಡುಗನಿಗೇನು ಕೆಲಸವೆಂಬ ಸಂಕೋಚ ಇದಕ್ಕೆ ಕಾರಣವಿದ್ದೀತು. ನನಗಾದರೋ ಅವರ ಸಂಗೀತದ ಮೊದಲ ಪಾಠಶಾಲೆ ಆ ರಂಗಸ್ಥಳವೇ ಎಂದು ತೋರುತ್ತದೆ.

ಮನಸೂರು ಧಾರವಾಡದ ಮಗ್ಗುಲಿನ ಹಳ್ಳಿ. ಹಳಿಯಾಳದವರಾದ ನಮಗೂ ದೂರದ್ದಲ್ಲ. 1910ರ ಡಿಸೆಂಬರ್ 31ರಂದು ಮಲ್ಲಿಕಾರ್ಜುನರು ಅಲ್ಲಿ ಹುಟ್ಟಿದರು. ತಂದೆ ಭೀಮರಾಯಪ್ಪನವರು ಊರ ಗೌಡರು, ಒಕ್ಕಲುತನದವರು, ಸಂಗೀತವೆಂದರೆ ಪ್ರಾಣವಿಟ್ಟವರು. ಅಣ್ಣ ಬಸವರಾಜರು ಆಗಲೇ ರಂಗಭೂಮಿಯ ನಂಟು ಬೆಳೆಸಿದ್ದರು. ಒಂಬತ್ತರ ವಯಸ್ಸಿನಲ್ಲಿ ತಮ್ಮನಿಗೂ ಒಂದು ಸಣ್ಣ ಪಾತ್ರ ದೊರೆಯಿತು.

ಆ ಕಾಲದ ಕಂಪನಿ ನಾಟಕವೆಂದರೇನೆಂಬುದನ್ನು ಇಂದಿನ ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಬೇಕಾಗಿದೆ. ಶಿರಹಟ್ಟಿ ವೆಂಕೋಬರಾಯರು, ವಾಮನರಾವ್ ಮಾಸ್ತರರು, ಗರುಡ ಸದಾಶಿವರಾಯರು ತಂತಮ್ಮ ಮಂಡಳಿಗಳನ್ನು ಕಟ್ಟಿಕೊಂಡು ಉತ್ತರ ಕರ್ನಾಟಕವನ್ನೆಲ್ಲ ಸುತ್ತುತ್ತಿದ್ದ ಕಾಲವದು. ಹಾಡಬಲ್ಲವನೇ ನಟ, ಹಾಡಲಾರದವನಿಗೆ ಮುಖ್ಯಪಾತ್ರ ಸಿಕ್ಕುವುದು ದುರ್ಲಭ. ಧ್ವನಿವರ್ಧಕವಿಲ್ಲ. ರಾತ್ರಿಯಿಡೀ ನಡೆಯುವ ಆಟದಲ್ಲಿ ಕಟ್ಟಕಡೆಯ ಸಾಲಿನ ಚಾಪೆಯ ಮೇಲೆ ಕುಳಿತವನಿಗೂ ಪದದ ಅಕ್ಷರ ಅಕ್ಷರವೂ ಕೇಳಬೇಕು. ನಮ್ಮ ಹಳಿಯಾಳ, ಮುಂಡಗೋಡದ ಕಡೆಯ ಹಳ್ಳಿಗಳಲ್ಲಿ ಜಾತ್ರೆಗೆ ನಾಟಕವಾಡುವಾಗ ಪೇಟಿ ಮಾಸ್ತರರಿಗೆ ಇಂದಿಗೂ ಸಲ್ಲುವ ಮರ್ಯಾದೆ ಆ ಸಂಪ್ರದಾಯದ ಉಳಿಕೆಯೇ ಸರಿ.

ಇಂಥ ರಂಗದಲ್ಲಿ ಬಾಲಕ ಮಲ್ಲಿಕಾರ್ಜುನ ಪ್ರಹ್ಲಾದನಾದ, ಧ್ರುವನಾದ, ನಾರದನಾದ. ಮೂರೂ ಮಾತಿಗಿಂತ ಹಾಡನ್ನು ಹೆಚ್ಚು ಬೇಡುವ ಪಾತ್ರಗಳು. ಹುಡುಗನ ಇಂಪಾದ ಕಂಠಕ್ಕೆ ಮನಸೋತ ಕಂಪನಿಯ ಒಡೆಯರು ಬಗೆಬಗೆಯ ಪದಗಳನ್ನು ಹಾಡಿಸಿ ಪ್ರೋತ್ಸಾಹಿಸಿದರು.

ಅಪಾಯವಿದ್ದುದೂ ಇಲ್ಲಿಯೇ. ಬಾಲನಟನ ಕೀರ್ತಿ ಅವನ ದನಿ ಒಡೆಯುವವರೆಗಿನ ಮಾತು. ಆಮೇಲೆ ಅದೇ ಪಾತ್ರಕ್ಕೆ ಇನ್ನೊಬ್ಬ ಹುಡುಗ ಬರುತ್ತಾನೆ. ಹಾಗೆ ಬಂದುಹೋದ ಪ್ರಹ್ಲಾದರೆಷ್ಟು ಮಂದಿಯೊ! ದೂರದರ್ಶನದ ಗಾಯನಸ್ಪರ್ಧೆಗಳಲ್ಲಿ ಮಕ್ಕಳ ಮೇಲೆ ಹೊಗಳಿಕೆಯ ಮಳೆ ಸುರಿಯುವುದನ್ನು ಕಂಡಾಗಲೂ ನನಗೆ ಇದೇ ಅಳುಕು. ಮಲ್ಲಿಕಾರ್ಜುನರನ್ನು ಕಾಪಾಡಿದ್ದು ಪ್ರೇಕ್ಷಕರ ನಡುವೆ ಇದ್ದ ಒಂದು ತಿಳಿದ ಕಿವಿ. ನಾಟಕದಲ್ಲಿ ಅವರ ಹಾಡು ಕೇಳಿದ ಅಪ್ಪಯ್ಯಸ್ವಾಮಿಗಳು ಹುಡುಗನನ್ನು ಶಿಷ್ಯನನ್ನಾಗಿ ಸ್ವೀಕರಿಸಿ ಕರ್ನಾಟಕ ಸಂಗೀತದ ಪಾಠವನ್ನಾರಂಭಿಸಿದರು. ಚಪ್ಪಾಳೆ ಸಿಕ್ಕುತ್ತಿದ್ದ ಕಂಠ ಸ್ವರಸಾಧನೆಗೆ ಕುಳಿತಿತು.

ಮುಂದಿನದು ಸಂಗೀತಪ್ರಿಯರಿಗೆ ತಿಳಿದ ಕಥೆ. ಮಿರಜಿನ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ ಪದ್ಧತಿಯ ಶಿಕ್ಷಣ. ಬಳಿಕ ಜಯಪುರ-ಅತ್ರೌಲಿ ಘರಾಣೆಯ ಅಲ್ಲಾದಿಯಾ ಖಾನರ ಮಗ ಮಂಜೀಖಾನರ ಶಿಷ್ಯತ್ವ. 1937ರಲ್ಲಿ ಅವರು ತೀರಿಕೊಂಡ ಮೇಲೆ ಅವರ ತಮ್ಮ ಭುರ್ಜೀಖಾನರ ಬಳಿ ಅಭ್ಯಾಸ. ಈ ಘರಾಣೆಯ ಹಾದಿ ಕಡಿದಾದುದು. ಅಪೂರ್ವ ರಾಗಗಳು, ಒಂದರೊಳಗೊಂದು ಹೆಣೆದುಕೊಂಡ ತಾನುಗಳು; ಸಾಲುಸಾಲಿಗೆ ಸಭೆಯನ್ನು ಮೆಚ್ಚಿಸುವ ಆತುರಕ್ಕೆ ಅಲ್ಲಿ ಎಡೆಯಿಲ್ಲ. ನಾಟಕದ ಹುಡುಗ ಕಲಿತದ್ದನ್ನು ಬಹುಮಟ್ಟಿಗೆ ಮರೆಯಬೇಕಾಗಿತ್ತೆನ್ನಬಹುದು.

ಆದರೆ ಎಲ್ಲವನ್ನೂ ಅವರು ಮರೆಯಲಿಲ್ಲವೆಂದೇ ನನ್ನ ನಂಬಿಕೆ. ಅವರು ಹಾಡಿದ ವಚನಗಳನ್ನು ಕೇಳಿರಿ. ರಾಗ ಎಷ್ಟೇ ಮೇಲೇರಿದರೂ ಮಾತು ಮಸುಕಾಗದು. ಹೇಳುವವನೊಬ್ಬ, ಕೇಳುವವನೊಬ್ಬ ಎದುರುಬದುರು ನಿಂತಂತೆ ಶಬ್ದ ನೇರವಾಗಿ ಬರುತ್ತದೆ. ಇದನ್ನು ಕೇವಲ ಘರಾಣೆಯ ಕೊಡುಗೆಯೆಂದು ಒಪ್ಪಲು ನಾನು ಸಿದ್ಧನಿಲ್ಲ. ಪ್ರಹ್ಲಾದನ ಮೊರೆಯನ್ನು ಚಾಪೆಯವರೆಗೆ ತಲುಪಿಸಿದ ಅಭ್ಯಾಸ ಅದರಲ್ಲಿ ಉಳಿದಿದೆ.

1970ರಲ್ಲಿ ಪದ್ಮಶ್ರೀ, 1976ರಲ್ಲಿ ಪದ್ಮಭೂಷಣ, 1992ರಲ್ಲಿ ಪದ್ಮವಿಭೂಷಣ ಬಂದವು. ಅದೇ 1992ರ ಸೆಪ್ಟೆಂಬರ್ 12ರಂದು ಅವರು ತೀರಿಕೊಂಡರು. ಅವರು ಬಾಳಿದ ಧಾರವಾಡದ ‘ಮೃತ್ಯುಂಜಯ’ ಈಗ ಸ್ಮಾರಕ. ತಮ್ಮನಿಗೆ ರಂಗದ ದಾರಿ ತೋರಿದ ಬಸವರಾಜ ಮನಸೂರರು ಮಾತ್ರ ಆ ದಾರಿಯಿಂದ ಕದಲಲಿಲ್ಲ, ನಟರಾಗಿಯೇ ಹೆಸರಾದರು.