ನಾಲೆಯ ಏರಿಯ ಸ್ಯಾಂಡರ್ಸನ್ ಸಾಹೇಬರು

ನಮ್ಮ ತಾತ ಭೇರ್ಯದ ಗದ್ದೆಬಯಲಿನಲ್ಲಿ ನೀರುಗಂಟಿಯಾಗಿದ್ದರು. ಹೆಗಲ ಮೇಲೆ ಗುದ್ದಲಿ, ಬೆನ್ನ ಹಿಂದೆ ಒಂದು ಕಂದು ನಾಯಿ. ಬೆಳಗಿನ ಜಾವ ನಾಲೆಯ ಏರಿ ಹತ್ತಿದರೆ ಹೊತ್ತು ಏರುವಷ್ಟರಲ್ಲಿ ಎಲ್ಲ ತೂಬುಗಳನ್ನೂ ನೋಡಿಬಂದಿರುತ್ತಿದ್ದರು. ಅವರಿಗೆ ಅಕ್ಷರ ಬಾರದು. ಆದರೆ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬ ಲೆಕ್ಕ ಬಾಯಿಪಾಠವಾಗಿತ್ತು. ನಮ್ಮ ಮನೆತನದಲ್ಲಿ ಬಿ.ಎ. ತರಗತಿಯವರೆಗೆ ಬಂದವನು ನಾನೇ ಮೊದಲಿಗ. ಖೆಡ್ಡಾದ ವಿಷಯ ಓದೋಣವೆಂದು ಜಿ. ಪಿ. ಸ್ಯಾಂಡರ್ಸನ್ನರ ಗ್ರಂಥವನ್ನು ಹಿಡಿದವನಿಗೆ ಆನೆಗಿಂತ ಮೊದಲು ಎದುರಾದದ್ದು ನಾಲೆ. ಅಂದಿನಿಂದ ಈ ಸಾಹೇಬರ ಮೇಲೆ ನನಗೆ ಒಂದು ಬಗೆಯ ಸಲುಗೆ ಹುಟ್ಟಿಕೊಂಡಿತು.

ಜಾರ್ಜ್ ಪೆರೆಸ್ ಸ್ಯಾಂಡರ್ಸನ್ನರು 1848ರಲ್ಲಿ ಹುಟ್ಟಿದರು. ಇವರ ತಂದೆ ವೆಸ್ಲಿಯನ್ ಮಿಷನ್ನಿನ ಡೇನಿಯಲ್ ಸ್ಯಾಂಡರ್ಸನ್ನರು. ರೀವ್ ಸಾಹೇಬರ ಕನ್ನಡ-ಇಂಗ್ಲಿಷ್ ನಿಘಂಟನ್ನು ತಿದ್ದಿ ಬೆಳೆಸಿ 1858ರಲ್ಲಿ ಹೊರತಂದವರು ಅವರೇ. ಮಗ ವಿಲಾಯಿತಿಯಲ್ಲಿ ಓದಿ 1864ರಲ್ಲಿ ಹಿಂತಿರುಗಿದಾಗ ಇನ್ನೂ ಹದಿನಾರರ ಹುಡುಗ. ಕಾಫಿ ತೋಟ ಮಾಡಬೇಕೆಂಬ ಹಂಬಲ ಕೈಗೂಡಲಿಲ್ಲ. ಆಗ ಮೈಸೂರು ಸೀಮೆ ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. ಹುಡುಗ ಕನ್ನಡ ಪರೀಕ್ಷೆಗೆ ಕುಳಿತು ತೇರ್ಗಡೆಯಾಗಿ ನೀರಾವರಿ ಇಲಾಖೆಯ ಚಾಕರಿಗೆ ಸೇರಿದ. ಇಂಗ್ಲಿಷ್ ಪತ್ರಿಕೆಯ ಹೆಸರು ಕೇಳಿದರೆ ಬೆವರುವ ನನ್ನಂಥ ಹಳ್ಳಿಯ ವಿದ್ಯಾರ್ಥಿಗೆ ಇದನ್ನು ಓದಿ ಒಳಗೊಳಗೇ ನಗು ಬಂದಿತೆಂದು ಒಪ್ಪಿಕೊಳ್ಳುತ್ತೇನೆ. ಕನ್ನಡದಲ್ಲಿ ಪಾಸಾಗದೆ ಒಬ್ಬ ಆಂಗ್ಲನಿಗೂ ಅನ್ನ ಹುಟ್ಟದ ಕಾಲವೊಂದಿತ್ತು!

ನದಿಗೆ ಅಡ್ಡಲಾಗಿ ಕಲ್ಲಿನ ಅಣೆಕಟ್ಟೆ, ಅದರ ಮಗ್ಗುಲಿನಿಂದ ಹೊರಟು ದಿಣ್ಣೆಯ ಓರೆ ಹಿಡಿದು ಹರಿಯುವ ನಾಲೆ, ಕೆಳಗೆ ಗದ್ದೆ. ನಮ್ಮ ಹುಣಸೂರಿನ ಕಡೆ ಲಕ್ಷ್ಮಣತೀರ್ಥಕ್ಕೆ ಕಟ್ಟಿರುವ ಹನಗೋಡಿನ ಅಣೆಕಟ್ಟೆಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇಂಥ ನಾಲೆಗಳ ಉಸ್ತುವಾರಿ ಎಂದರೆ ಊರೂರು ಅಲೆದಾಟವೇ ಸರಿ. ಎತ್ತಿನ ಗಾಡಿಯ ಮೇಲೆ ಡೇರೆ, ಪಾತ್ರೆಪಗಡ, ಕೋವಿ. ಇಂದು ಒಂದು ತೋಪು, ನಾಳೆ ಇನ್ನೊಂದು ಕೆರೆಯ ಹಿಂಬದಿ. ಹೀಗೆ ತಿರುಗುತ್ತ ಅವರು ಆನೆ ಯಾವ ದಾರಿಯಲ್ಲಿ ಗದ್ದೆಗೆ ಇಳಿಯುತ್ತದೆ, ಎಲ್ಲಿ ನೀರು ಕುಡಿಯುತ್ತದೆ ಎಂಬುದನ್ನು ಬೇಟೆಗಾರರಿಂದ, ಕಾಡಿನ ಜನರಿಂದ, ಅವರದೇ ಮಾತಿನಲ್ಲಿ ಕೇಳಿ ತಿಳಿದರು. ಆನೆಯ ಮುಂಗಾಲಿನ ಸುತ್ತಳತೆಯನ್ನು ಎರಡರಿಂದ ಗುಣಿಸಿದರೆ ಭುಜದ ಎತ್ತರ ಸಿಕ್ಕುತ್ತದೆಂಬ ಲೆಕ್ಕವನ್ನೂ ಅವರು ದಾಖಲಿಸಿದ್ದಾರೆ. ತಾತನಿಗೆ ಹೇಳಿದ್ದರೆ ಮೆಚ್ಚುತ್ತಿದ್ದರು.

ಸಾಹೇಬರಿಗೂ ನಾಯಿಗಳಿದ್ದವು. ಆದರೆ ತಾತನ ನಾಯಿಯಂತೆ ಹಾವು ಕಂಡು ಬೊಗಳಿ ಹಿಂದೆ ಸರಿಯುವ ಬಡಪಾಯಿಗಳಲ್ಲ; ಕರಡಿಯನ್ನು ಕಚ್ಚಿ ಹಿಡಿಯಲೆಂದೇ ಸಾಕಿದ ಬಲವಾದ ಸೀಮೆನಾಯಿಗಳು. ಈ ಬೇಟೆಯ ವರ್ಣನೆ ನನಗೆ ಹಿಡಿಸಲಿಲ್ಲ. ಕರಡಿಯ ಪಾಡಿಗಿಂತಲೂ, ಒಡೆಯ ಸನ್ನೆಮಾಡಿದೊಡನೆ ಪ್ರಾಣದ ಹಂಗಿಲ್ಲದೆ ನುಗ್ಗುವ ಆ ನಾಯಿಗಳ ಪಾಡು ನೆನೆದು ಮನಸ್ಸು ಕಹಿಯಾಯಿತು.

ಹಿಂದೆ ಹೈದರಲಿಯು ಕಾಕನಕೋಟೆಯಲ್ಲಿ ಆನೆಗಳ ಹಿಂಡು ಹಿಡಿಯಲು ಹೋಗಿ ಸೋತು, ಮುಂದೆ ಯಾರಿಂದಲೂ ಇದು ಆಗದೆಂದು ಕಲ್ಲಿನಲ್ಲಿ ಶಾಪ ಕೆತ್ತಿಸಿದನೆಂಬ ಕಥೆಯುಂಟು. ಸ್ಯಾಂಡರ್ಸನ್ನರು 1873ರಲ್ಲಿ ಈ ಕೆಲಸಕ್ಕೆ ಕೈಹಾಕಿದರು. 1874ರಲ್ಲಿ ಚಾಮರಾಜನಗರದ ಕಡೆ, ಹೊನ್ನುಹೊಳೆಯ ಸೀಮೆಯಲ್ಲಿ ಐವತ್ತಕ್ಕೂ ಮೇಲ್ಪಟ್ಟು ಆನೆಗಳು ಸೆರೆಯಾದವು. ಕಂದಕ ತೋಡಿ, ಮರದ ದಿಮ್ಮಿಗಳ ಕೊಟ್ಟಿಗೆ ಕಟ್ಟಿ, ತಮಟೆ ಪಂಜುಗಳೊಡನೆ ಹಿಂಡನ್ನು ಅಟ್ಟಿ, ಬಾಗಿಲು ಕೆಡವಿ, ಬಳಿಕ ಪಳಗಿದ ಆನೆಗಳ ನಡುವೆ ಇಳಿದು ಕಾಲಿಗೆ ಹಗ್ಗ ಬಿಗಿಯುವುದು. ಹಗ್ಗ ಬಿಗಿಯುವವನು ಸಾಹೇಬನಲ್ಲ ಎಂಬುದನ್ನು ಮರೆಯಬಾರದು. ಅನಂತರ ಬಂಗಾಳ ಸರಕಾರ ಅವರನ್ನು ಕರೆಸಿಕೊಂಡಿತು. ಚಿತ್ತಗಾಂಗ್, ಗಾರೋ ಬೆಟ್ಟಗಳಲ್ಲಿಯೂ ಆನೆ ಹಿಡಿದರು. 1878ರಲ್ಲಿ ಹದಿಮೂರು ವರ್ಷಗಳ ಅನುಭವದ ಗ್ರಂಥ ಹೊರಬಂದಿತು. 1889ರಲ್ಲಿ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಮೈಸೂರಿಗೆ ಬಂದಾಗ ಖೆಡ್ಡಾ ತೋರಿಸಿದವರೂ ಇವರೇ. ಕಿಪ್ಲಿಂಗನ ಕಥೆಯೊಂದರ ಪೀಟರ್ಸನ್ ಸಾಹೇಬ ಇವರ ಪಡಿಯಚ್ಚೆಂದು ಹೇಳುವುದುಂಟು.

ಕಾಡಿನ ಜ್ವರ ಅವರನ್ನೂ ಬಿಡಲಿಲ್ಲ. ನೀರು ನಿಂತ ತಾವಿನ ಕೆಟ್ಟ ಗಾಳಿಯೇ ಜ್ವರಕ್ಕೆ ಕಾರಣವೆಂದು ಆಗಿನವರ ನಂಬಿಕೆ. ಸೊಳ್ಳೆಯ ಗುಟ್ಟನ್ನು ರೊನಾಲ್ಡ್ ರಾಸ್ ಕಂಡುಹಿಡಿದದ್ದು 1897ರಲ್ಲಿ. ಅದಕ್ಕೆ ಐದು ವರ್ಷ ಮೊದಲೇ, 1892ರ ಮೇ ತಿಂಗಳಲ್ಲಿ, ಸ್ಯಾಂಡರ್ಸನ್ನರು ಮದರಾಸಿನಲ್ಲಿ ತೀರಿಕೊಂಡರು. ಆಗ ಅವರಿಗೆ ನಲವತ್ನಾಲ್ಕೂ ಮುಗಿದಿತ್ತೋ ಇಲ್ಲವೋ.

ಕಾಕನಕೋಟೆಯ ಕೊನೆಯ ಖೆಡ್ಡಾ 1971ರಲ್ಲಿ ನಡೆಯಿತು. ಸ್ವಲ್ಪ ಕಾಲದಲ್ಲೇ ಕಬಿನಿಗೆ ಅಣೆಕಟ್ಟು ಬಂದು ಆ ಕಾಡಿನ ತಗ್ಗೆಲ್ಲ ನೀರಿನ ಪಾಲಾಯಿತು. ಕಳೆದ ಬೇಸಿಗೆಯಲ್ಲಿ ಅಪ್ಪನೊಡನೆ ಹೆಗ್ಗಡದೇವನಕೋಟೆಯ ಆ ಹಿನ್ನೀರಿನ ಕಡೆ ಹೋಗಿದ್ದೆ. ನೀರು ಇಳಿದು ಒಣಮರಗಳ ಬೊಡ್ಡೆಗಳು ಮೇಲೆದ್ದಿದ್ದವು. ದಡದಲ್ಲಿ ಕುಳಿತಿದ್ದ ವೃದ್ಧರೊಬ್ಬರು, ಕುರುಬರು, ಎಳೆಯ ವಯಸ್ಸಿನಲ್ಲಿ ಆ ಖೆಡ್ಡಾದಲ್ಲಿ ತಮಟೆ ಹೊಡೆದವರಂತೆ. ನಾನು ಸ್ಯಾಂಡರ್ಸನ್ನರ ಹೆಸರೆತ್ತಿದೆ, ಅವರು ಕೇಳಿರಲಿಲ್ಲ. ಅವನೇನು ಹಗ್ಗ ಹಾಕುವವನೋ ಎಂದು ವಿಚಾರಿಸಿದರು. ಅಲ್ಲ, ಬರೆದಿಟ್ಟವನು ಎಂದೆ. ಅವರು ಸುಮ್ಮನೆ ಗದ್ದವೆತ್ತಿ ನೀರಿನ ನಡುವಿನ ಬೊಡ್ಡೆಗಳ ಕಡೆ ತೋರಿಸಿದರು. ಬಾಗಿಲು ಇದ್ದದ್ದು ಅಲ್ಲಿಯೇ ಅಂತೆ. ಅಪ್ಪ ಅಷ್ಟರಲ್ಲಿ ನೀರಿನ ಅಂಚಿಗೆ ಇಳಿದು, ತಾತನ ಹಾಗೆಯೇ, ಕೋಲೊಂದನ್ನು ನೆಟ್ಟು ಎಷ್ಟು ಇಳಿದಿದೆಯೆಂದು ನೋಡುತ್ತಿದ್ದರು.